ಎಸ್. ಎಂ. ಕೃಷ್ಣ ರಾಜಕೀಯಕ್ಕೆ ಬರುವ ಮುಂಚೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರಾ?

ಹೌದು, ಲಾ ಕಾಲೇಜಿನ ಮೇಷ್ಟ್ರು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಕೃಷ್ಣ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬೆಂಗಳೂರಿನಲ್ಲಿ ಕಾನೂನು ಓದಿದರು. ಆಮೇಲೆ ಅಮೆರಿಕದ ಡಲ್ಲಾಸ್, ವಾಷಿಂಗ್ಟನ್‌ನಲ್ಲೂ ಓದಿದರು. ಬೆಂಗಳೂರಿನ ರೇಣುಕಾಚಾರ್ಯ ಲಾ ಕಾಲೇಜಿನಲ್ಲಿ ಅವರು ಹೇಳಿಕೊಡುತ್ತಿದ್ದದ್ದು ಅಂತರರಾಷ್ಟ್ರೀಯ ಕಾನೂನು.

ಮಜಾ ಇರುವುದು 1962ರ ಚುನಾವಣೆಯಲ್ಲಿ. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಮದ್ದೂರಿನಲ್ಲಿ ಪಕ್ಷೇತರರಾಗಿ ನಿಂತರು. ಎದುರಿಗೆ ಕಾಂಗ್ರೆಸ್‌ನ ಕೆ. ವಿ. ಶಂಕರಗೌಡ, ಅವರ ಪರ ನೆಹರೂ ಅವರೇ ಪ್ರಚಾರಕ್ಕೆ ಬಂದಿದ್ದರು. ಆದರೂ ಮೇಷ್ಟ್ರೇ ಗೆದ್ದರು. ವಯಸ್ಸು 30 ತುಂಬಿರಲಿಲ್ಲ!

ಮುಂದೆ ಸಂಸದ, ವಿಧಾನಸಭೆಯ ಸ್ಪೀಕರ್, ಉಪಮುಖ್ಯಮಂತ್ರಿ. 1999ರಿಂದ 2004ರವರೆಗೆ ಮುಖ್ಯಮಂತ್ರಿ. ಐಟಿ ಮಾತು ಜಾಸ್ತಿ ಕೇಳುತ್ತೀರಿ, ನನಗೆ ಮುಖ್ಯ ಅನಿಸುವುದು ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆ. ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಸುತ್ತುತ್ತಿದ್ದ ರೈತರು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪ್ರಿಂಟ್ ತೆಗೆದುಕೊಳ್ಳುವಂತಾಯಿತು.

ಪಾಠ ಮಾಡಿದ ವಿಷಯವೇ ಕೊನೆಗೆ ಖಾತೆಯೂ ಆಯಿತು ನೋಡಿ: 2009ರಿಂದ 2012ರವರೆಗೆ ವಿದೇಶಾಂಗ ಸಚಿವರು. 2011ರಲ್ಲಿ ವಿಶ್ವಸಂಸ್ಥೆಯಲ್ಲಿ ತಪ್ಪಿ ಪೋರ್ಚುಗಲ್ ಸಚಿವರ ಭಾಷಣ ಓದತೊಡಗಿದ್ದೂ ಇವರೇ.