ಕೊಡಗಿಗೆ ಕಾರಿನಲ್ಲಿ ಮೂರು ದಿನ: ಯಾವ ದಾರಿಯಲ್ಲಿ ಬರಲಿ?

ಅಪ್ಪ-ಅಮ್ಮನನ್ನು ಕರೆದುಕೊಂಡು ಮೈಸೂರಿನಿಂದ ಕಾರಿನಲ್ಲಿ ಬರುತ್ತೇವೆ, ರಾಜಾಸೀಟು, ಅಬ್ಬಿ, ದುಬಾರೆ ಎಲ್ಲ ನೋಡಿಯಾಗಿದೆ, ಕಾಡು-ಬೆಟ್ಟದ ದಾರಿ ಹೇಳಿ ಅಂತ ಕೇಳಿದ್ದೀರಿ. ನಾನು ಗೋಣಿಕೊಪ್ಪದ ಹತ್ತಿರದವನು. ನನ್ನನ್ನು ಕೇಳಿದರೆ, ಈ ಸಲ ಕುಶಾಲನಗರದ ಕಡೆಯಿಂದ ಬರಲೇಬೇಡಿ. ಹುಣಸೂರಿನಲ್ಲಿ ಎಡಕ್ಕೆ ತಿರುಗಿ, ನಾಗರಹೊಳೆ ಕಾಡಿನೊಳಗಿಂದ ಕುಟ್ಟಕ್ಕೆ ಬನ್ನಿ.

ಇದು ಸಫಾರಿ ಅಲ್ಲ, ಸುಮ್ನೆ ಊರಿಗೆ ಹೋಗುವ ರಸ್ತೆ. ಆದರೆ ರಾಷ್ಟ್ರೀಯ ಉದ್ಯಾನದ ನಡುವೆಯೇ ಹಾದುಹೋಗುತ್ತದೆ. ಸಂಜೆ 6ಕ್ಕೆ ಗೇಟು ಹಾಕಿಬಿಡುತ್ತಾರೆ. ಒಂದು ಸಲ ಮೈಸೂರಿನಲ್ಲಿ ಮದುವೆ ಊಟಕ್ಕೆ ಕೂತವನು ಎರಡನೇ ಸಲ ಪಾಯಸ ಹಾಕಿಸಿಕೊಂಡು ಬಂದು, ಗೇಟಿನ ಮುಂದೆ ಪೆಚ್ಚಾಗಿ ನಿಂತಿದ್ದೆ. ಆಮೇಲೆ ತಿತಿಮತಿ ಮೇಲೆ ಸುತ್ತಿಕೊಂಡು ಮನೆ ಸೇರಿದೆ. ನೀವು ಬೆಳಿಗ್ಗೆಯೇ ಒಳಗೆ ಬನ್ನಿ.

ಒಳಗೆ ಕಾರು ನಿಲ್ಲಿಸಬಾರದು, ಇಳಿಯಬಾರದು, ಜಿಂಕೆಗೆ ಬಿಸ್ಕತ್ತು ಎಸೆಯಬಾರದು. ಹೋದ ಬೇಸಿಗೆಯಲ್ಲಿ ಒಂದು ತಿರುವು ದಾಟಿದರೆ ರಸ್ತೆ ಅಂಚಿನಲ್ಲೇ ತಾಯಿ ಆನೆ. ಬೆನ್ನ ಮೇಲೆಲ್ಲ ಕೆಂಪು ಮಣ್ಣು. ಮರಿ ಅದರ ಕಾಲುಗಳ ನಡುವೆ. ಅಷ್ಟು ಹೊತ್ತು ಬೀಸುತ್ತಿದ್ದ ಕಿವಿ ಒಮ್ಮೆಲೇ ನಿಂತುಹೋಯಿತು ನೋಡಿ, ಹಿಂದೆ ಕೂತಿದ್ದ ನಮ್ಮತ್ತೆ ದೇವರ ಹೆಸರು ಹೇಳುವುದನ್ನೂ ನಿಲ್ಲಿಸಿಬಿಟ್ಟರು. ಹಾರ್ನ್ ಮಾಡಲಿಲ್ಲ, ಲೈಟ್ ಹಾಕಲಿಲ್ಲ. ಮೆಲ್ಲಗೆ ರಿವರ್ಸ್ ತೆಗೆದುಕೊಂಡು ಕಾದೆವು. ಹತ್ತು ನಿಮಿಷದಲ್ಲಿ ಅವೇ ಬಿದಿರ ಮೆಳೆಯೊಳಗೆ ಹೋದವು. ನಿಮಗೂ ಸಿಕ್ಕರೆ ಅಷ್ಟೇ ಮಾಡಿ.

ಕುಟ್ಟದಿಂದ ಇರ್ಪು ಜಲಪಾತ ಹತ್ತಿರ. ಬ್ರಹ್ಮಗಿರಿಯಿಂದ ಇಳಿದು ಬರುವ ಲಕ್ಷ್ಮಣತೀರ್ಥ ಹೊಳೆ ಅದು. ರಾಮೇಶ್ವರ ದೇವಸ್ಥಾನದವರೆಗೆ ಕಾರು ಹೋಗುತ್ತದೆ, ಮುಂದೆ ನಡಿಗೆ, ಮೆಟ್ಟಿಲು. ಅಮ್ಮನಿಗೆ ಮಂಡಿನೋವಿದ್ದರೆ ಅವರು ದೇವಸ್ಥಾನದಲ್ಲೇ ಕೂರಲಿ, ನೀರಿನ ಸದ್ದು ಕೇಳುತ್ತಾ. ರಾತ್ರಿ ಶ್ರೀಮಂಗಲದ ಕಡೆ ಯಾವುದಾದರೂ ಹೋಂಸ್ಟೇ ನೋಡಿಕೊಳ್ಳಿ. ಮಾಂಸ ತಿನ್ನುವವರಾದರೆ ಕಡಂಬುಟ್ಟು (ಅಕ್ಕಿ ತರಿಯ ಕಡುಬು), ಪಂದಿ ಕರಿ (ಹಂದಿ ಮಾಂಸದ್ದು) ಮೊದಲೇ ಹೇಳಿಡಿ. ಕಾಚಂಪುಳಿ, ಅಂದರೆ ನಮ್ಮ ಕಡೆಯ ಕಪ್ಪು ಹುಳಿ, ಹಾಕದೆ ಮಾಡಿದ್ದು ಪಂದಿ ಕರಿಯೇ ಅಲ್ಲ, ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಎರಡನೇ ದಿನ ಗೋಣಿಕೊಪ್ಪ, ವಿರಾಜಪೇಟೆ ದಾಟಿ ಕಕ್ಕಬ್ಬೆ. ಪೆಟ್ರೋಲ್ ವಿರಾಜಪೇಟೆಯಲ್ಲೇ ತುಂಬಿಸಿ. ಕಕ್ಕಬ್ಬೆ ಹತ್ತಿರ ನಾಲ್ಕುನಾಡು ಅರಮನೆ ಇದೆ. ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ್ದು. ಅರಮನೆ ಅಂದರೆ ಮೈಸೂರಿನದ್ದನ್ನು ನೆನೆಸಿಕೊಳ್ಳಬೇಡಿ. ಎರಡಂತಸ್ತಿನ ಮನೆ, ಮರದ ಕಂಬ, ಗೋಡೆ ಮೇಲೆ ಮಾಸಿದ ಚಿತ್ರ. ಬ್ರಿಟಿಷರು 1834ರಲ್ಲಿ ಬಂದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಬಂದು ಕೂತಿದ್ದು ಇಲ್ಲೇ. ಸುತ್ತಲ ಬೆಟ್ಟ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಅಲ್ಲಿಂದಲೇ ತಡಿಯಂಡಮೋಳ್ ಹತ್ತುವ ದಾರಿ. 1748 ಮೀಟರ್, ಕೊಡಗಿನಲ್ಲೇ ಎತ್ತರದ್ದು. ಹಿರಿಯರ ಜೊತೆ ಅದು ಬೇಡ.

ಕಕ್ಕಬ್ಬೆಯಿಂದ ನಾಪೋಕ್ಲು, ಅಯ್ಯಂಗೇರಿ ಮೇಲೆ ಭಾಗಮಂಡಲ. ರಸ್ತೆ ಕಿರಿದು. ಎದುರಿನಿಂದ ಬಸ್ಸು ಬಂದರೆ ನೀವೇ ಹಿಂದೆ ಹೋಗಬೇಕು. ಬ್ಲಾಸಮ್ ಮಳೆ ಬಿದ್ದ ಮೇಲೆ, ಅಂದರೆ ಮಾರ್ಚ್-ಏಪ್ರಿಲ್‌ನಲ್ಲಿ ಬಂದರೆ ಎರಡೂ ಕಡೆ ಕಾಫಿ ಹೂವು ಬೆಳ್ಳಗೆ ಬಿಟ್ಟಿರುತ್ತದೆ. ಎಸಿ ಆಫ್ ಮಾಡಿ ಗಾಜು ಇಳಿಸಿ. ಪರಿಮಳ ಮಲ್ಲಿಗೆಯದ್ದೇ. ಮೂರು ನಾಲ್ಕು ದಿನಕ್ಕೆಲ್ಲ ಹೂವು ಕಂದಿಹೋಗುತ್ತದೆ.

ತಲಕಾವೇರಿಗೆ ಮೂರನೇ ದಿನ ಬೆಳಗ್ಗೆ ಬೇಗ ಹೋಗಿ, ಆಮೇಲೆ ಮಡಿಕೇರಿ ಮೇಲೆ ವಾಪಸ್. ಅಕ್ಟೋಬರ್ ಮಧ್ಯದ ತೀರ್ಥೋದ್ಭವಕ್ಕೆ ವಿಪರೀತ ಜನ. ಜೂನ್‌ನಿಂದ ಆಗಸ್ಟ್ ಮಾತ್ರ ದಯವಿಟ್ಟು ಬೇಡ. 2018ರಲ್ಲಿ ಮಡಿಕೇರಿ ಸುತ್ತ, 2020ರಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದದ್ದು ಆಗಸ್ಟ್‌ನಲ್ಲೇ. ಆ ಮಳೆಯಲ್ಲಿ ನಾವೇ ಮನೆಯಿಂದ ಹೊರಗೆ ಕಾಲಿಡುವುದಿಲ್ಲ.