ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಡಿಎನ್‌ಎ ಪರೀಕ್ಷೆ ಬೇಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಕೆನ್ನೆ ಊದಿ, ಮೂಗಿನೊಳಗೆ ಕಪ್ಪಾದಾಗ ಕಲಬುರಗಿಯಲ್ಲಿ ತೋರಿಸಿದೆವು. ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಕಂಡಿದೆ ಎಂದು ಮರುದಿನವೇ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ಬಂದ ಕಲ್ಚರ್ (ತೆಗೆದ ಚೂರಿನಿಂದ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆ) ವರದಿಯಲ್ಲಿ ‘ಬೆಳವಣಿಗೆ ಇಲ್ಲ’ ಎಂದಿದೆ. ಡಿಎನ್‌ಎ ಪರೀಕ್ಷೆ ಮಾಡಿಸದೆ ಸುಮ್ಮನೆ ಕೊಯ್ಯಿಸಿದಿರಿ ಎಂದು ನೆಂಟರು ಆಡಿಕೊಳ್ಳುತ್ತಿದ್ದಾರೆ. ಈಗಲಾದರೂ ಮಾಡಿಸಬಹುದೇ?
– ಓದುಗರು, ಹುಮನಾಬಾದ್

ಉತ್ತರ: ನೀವು ಬರೆದಷ್ಟರಿಂದ ಹೇಳುವುದಾದರೆ, ವೈದ್ಯರು ಕಾಯದೇ ಇದ್ದದ್ದೇ ಸರಿ. ನೀವು ಹೇಳುವ ಲಕ್ಷಣಗಳು ‘ಕಪ್ಪು ಶಿಲೀಂಧ್ರ’ ರೋಗದವು. ಅದನ್ನು ತರುವ ಮ್ಯೂಕರ್ ಜಾತಿಯ ಶಿಲೀಂಧ್ರ ರಕ್ತನಾಳದೊಳಗೆ ನುಗ್ಗಿ ಅದನ್ನು ಮುಚ್ಚಿಬಿಡುತ್ತದೆ. ರಕ್ತ ಹರಿಯದ ಭಾಗ ಸತ್ತು ಕಪ್ಪಾಗುತ್ತದೆ. ರಕ್ತವೇ ಹೋಗದ ಕಡೆಗೆ ಔಷಧವೂ ಹೋಗುವುದಿಲ್ಲವಾದ್ದರಿಂದ ಕೊಯ್ದು ತೆಗೆಯಲೇಬೇಕು. ಪಕ್ಕದಲ್ಲೇ ಕಣ್ಣು, ಅದರ ಹಿಂದೆ ಮಿದುಳು.

ಹಾಗಾದರೆ ಕಲ್ಚರ್‌ನಲ್ಲಿ ಏಕೆ ಬೆಳೆಯಲಿಲ್ಲ? ಈ ಶಿಲೀಂಧ್ರದ ಎಳೆಗಳು ಅಗಲವಾದ ರಿಬ್ಬನ್‌ನಂತಿದ್ದು, ಒಳಗೆ ಅಡ್ಡಗೋಡೆಗಳು ತೀರಾ ಕಡಿಮೆ. ಪ್ರಯೋಗಾಲಯದಲ್ಲಿ ಅಂಗಾಂಶವನ್ನು ಅರೆದರೆ ಎಳೆ ಒಡೆದು ಒಳಗಿನದೆಲ್ಲ ಸೋರಿಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಅರೆಯದೆ ಸಣ್ಣಗೆ ಕತ್ತರಿಸಿ ಹಾಕಬೇಕು ಎನ್ನುವುದು. ಹಾಗೆ ಮಾಡಿದರೂ ಎಷ್ಟೋ ಸಲ ಬೆಳೆಯುವುದಿಲ್ಲ. ಅಂಗಾಂಶದೊಳಗೆ ಕಣ್ಣಿಗೆ ಕಂಡ ಎಳೆಗಳನ್ನು ‘ಬೆಳವಣಿಗೆ ಇಲ್ಲ’ ಎಂಬ ವರದಿ ಸುಳ್ಳು ಮಾಡುವುದಿಲ್ಲ.

ಡಿಎನ್‌ಎ ಪರೀಕ್ಷೆ, ಅಂದರೆ ಪಿಸಿಆರ್, ನೆರವಾಗುವುದು ಇಂಥ ಕಡೆಯೇ. ಎಳೆ ಕಂಡಿದೆ, ಕಲ್ಚರ್ ಕೈಕೊಟ್ಟಿದೆ, ಶಿಲೀಂಧ್ರ ಯಾವುದೆಂದು ಮಾತ್ರ ಗೊತ್ತಿಲ್ಲ ಎಂದಾಗ ಅದು ಹೆಸರು ಹೇಳಬಲ್ಲದು. ಹೆಸರು ಗೊತ್ತಾದರೆ ಔಷಧದ ಆಯ್ಕೆ ಖಚಿತವಾಗುತ್ತದೆ. ಆಸ್ಪರ್ಜಿಲಸ್ ಎಂಬ ಇನ್ನೊಂದು ಶಿಲೀಂಧ್ರಕ್ಕೆ ಕೊಡುವ ವೊರಿಕೊನಜೋಲ್ ಮ್ಯೂಕರ್‌ಗೆ ನಾಟುವುದೇ ಇಲ್ಲ. ಅದಕ್ಕೆ ಆಂಫೋಟೆರಿಸಿನ್ ಬಿ ಬೇಕು. 2021ರಲ್ಲಿ ಜನ ಊರೂರು ಅಲೆದು ಹುಡುಕಿದ ಇಂಜೆಕ್ಷನ್ ಇದೇ.

ಆದರೆ ಪಿಸಿಆರ್ ಅನ್ನು ಅಂತಿಮ ತೀರ್ಪೆಂದು ನಂಬಬೇಡಿ. ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲೆಲ್ಲ ಇವೆ. ಕಫದಲ್ಲಿ ‘ಪಾಸಿಟಿವ್’ ಬಂದ ಮಾತ್ರಕ್ಕೆ ರೋಗವಿದೆ ಎಂದಲ್ಲ, ರಕ್ತದಲ್ಲಿ ‘ನೆಗೆಟಿವ್’ ಬಂದರೆ ಇಲ್ಲವೆಂದೂ ಅಲ್ಲ. ಆಸ್ಪರ್ಜಿಲಸ್ ಪತ್ತೆಗೆ ರಕ್ತದಲ್ಲಿ ಮಾಡುವ ಗ್ಯಾಲಕ್ಟೊಮ್ಯಾನನ್ ಪರೀಕ್ಷೆಯ ವರದಿ ನೋಡಿ ನೆಮ್ಮದಿಪಡುವವರೂ ಇದ್ದಾರೆ. ಅದು ಮ್ಯೂಕರ್ ಅನ್ನು ಹಿಡಿಯುವುದೇ ಇಲ್ಲ.

ಈಗ ಮಾಡಿಸಬಹುದೇ ಎಂದರೆ, ಮಾಡಿಸಬಹುದು. ಬಯಾಪ್ಸಿಗೆ ತೆಗೆದ ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ಬಿಲ್ಲೆ ಆಸ್ಪತ್ರೆಯಲ್ಲಿರುತ್ತದೆ. ಆದರೆ ಅಂಗಾಂಶ ಕೆಡದಂತೆ ಅದ್ದಿಡುವ ಫಾರ್ಮಲಿನ್ ದ್ರವದಲ್ಲಿ ಡಿಎನ್‌ಎ ತುಂಡುತುಂಡಾಗಿರುತ್ತದೆ. ಹಾಗಾಗಿ ಏನೂ ಸಿಗದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಬಯಾಪ್ಸಿ ವರದಿಯಲ್ಲೇ ಮ್ಯೂಕರ್ ಎಂದು ಸ್ಪಷ್ಟವಾಗಿದ್ದು, ತಂದೆಯವರು ಚೇತರಿಸಿಕೊಳ್ಳುತ್ತಿದ್ದರೆ ಆ ಹಣ ಉಳಿಸಿಕೊಳ್ಳಿ. ಮತ್ತೊಮ್ಮೆ ಚೂರು ತೆಗೆಯುವ ಸಂದರ್ಭ ಬಂದರೆ ಮೊದಲೇ ಕೇಳಿಕೊಳ್ಳಿ: ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಭಾಗ ಕಲ್ಚರ್ ಮತ್ತು ಪಿಸಿಆರ್‌ಗಾಗಿ ಬರೀ ಸಲೈನ್‌ನಲ್ಲಿ.