ಬೇಳೆಯನ್ನೂ ಬೇಡವೆಂದ ಪ್ರೋಟೀನ್ ಮನುಷ್ಯ: ಸಂಪಾದಕರ ಉತ್ತರ

ದಾವಣಗೆರೆಯ ಓದುಗ ಮಿತ್ರರಿಗೆ,

ಕಳೆದ ಸಂಚಿಕೆಯಲ್ಲಿ 'ಪ್ರೋಟೀನ್ ಮನುಷ್ಯ' ಎಂದೇ ಹೆಸರಾದ ಲಂಡನ್ನಿನ ಸ್ಟ್ಯಾನ್ಲಿ ಗ್ರೀನ್ ಅವರನ್ನು ಕುರಿತು ಬಂದ ಟಿಪ್ಪಣಿಯನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಮಾಂಸ ತಗ್ಗಿಸಿ, ಕಾಮ ತಗ್ಗುತ್ತದೆ ಎಂದು ಬೀದಿಯಲ್ಲಿ ನಿಂತು ಸಾರಿದವರು ನಮ್ಮ ಸಾತ್ವಿಕ ಆಹಾರದ ತತ್ವವನ್ನೇ ಪರದೇಶದಲ್ಲಿ ಎತ್ತಿಹಿಡಿದರಲ್ಲವೇ, ಅಂಥವರನ್ನು 'ವಿಲಕ್ಷಣ ವ್ಯಕ್ತಿ' ಎಂದು ಹಗುರವಾಗಿ ಕಂಡದ್ದೇಕೆ ಎಂಬುದು ತಮ್ಮ ಆಕ್ಷೇಪ.

ಅವರನ್ನು ನಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದು ಕಷ್ಟ. ಗ್ರೀನ್ ಹೊತ್ತು ತಿರುಗುತ್ತಿದ್ದ ಫಲಕದಲ್ಲಿ ಮಾಂಸ, ಮೀನು, ಮೊಟ್ಟೆ, ಚೀಸ್‌ಗಳ ಜೊತೆಗೆ ಬಟಾಣಿ, ಬೇಳೆ, ಕಾಳು, ಬೀಜಗಳ ಹೆಸರೂ ಇತ್ತು. ಪಟ್ಟಿಯ ಕೊನೆಯಲ್ಲಿ 'ಕುಳಿತಿರುವುದು' ಎಂಬುದೂ ಇತ್ತು. ಹಾಗೆ ನೋಡಿದರೆ ಮಧ್ಯಾಹ್ನ ಹುಳಿ, ರಾತ್ರಿ ತೊವ್ವೆ ಉಂಡು ದಿನವಿಡೀ ಮೇಜಿನ ಮುಂದೆ ಕೂರುವ ನಮ್ಮ ಸಂಪಾದಕ ಬಳಗವೇ ಮೊದಲ ಅಪರಾಧಿ. ಪ್ರೋಟೀನಿನಿಂದ ಕಾಮ ಕೆರಳುತ್ತದೆ ಎಂಬ ಈ ವಾದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅದನ್ನು ನಂಬಿ ಯಾರೂ ಮಕ್ಕಳ ತಟ್ಟೆಯಿಂದ ಬೇಳೆ ತೆಗೆಯಬಾರದು.

ಹಾಗಾದರೆ ಟಿಪ್ಪಣಿ ಏಕೆ ಹಾಕಿದಿರಿ ಎಂದು ತಾವು ಕೇಳಬಹುದು. ನಮ್ಮನ್ನು ಸೆಳೆದದ್ದು ಅವರ ಸಿದ್ಧಾಂತವಲ್ಲ, ದುಡಿಮೆ. 1915ರಲ್ಲಿ ಹುಟ್ಟಿ, ನೌಕಾಪಡೆಯಲ್ಲಿದ್ದು, ಆಮೇಲೆ ಬೇರೆ ಬೇರೆ ಕಡೆ ಕೆಲಸ ಮಾಡಿ, ತೋಟಗಾರಿಕೆಯನ್ನೂ ನಡೆಸಿದ ಈತ 1968ರಲ್ಲಿ ಫಲಕ ಹಿಡಿದು ಬೀದಿಗಿಳಿದರು. 1993ರಲ್ಲಿ ತೀರಿಕೊಳ್ಳುವ ವರ್ಷದವರೆಗೂ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ ಜನಜಂಗುಳಿಯಲ್ಲಿ ಅವರ ಓಡಾಟ ನಿಲ್ಲಲಿಲ್ಲ. ಊರಾಚೆಯ ನಾರ್ತೋಲ್ಟಿನ ಮನೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು; ಅರವತ್ತೈದು ತುಂಬಿ ಉಚಿತ ಪ್ರಯಾಣದ ಪಾಸು ಸಿಕ್ಕ ಮೇಲಷ್ಟೇ ಸೈಕಲ್ ಬಿಟ್ಟರು. ಎಂಟು ಬಗೆಯ ಪ್ರೋಟೀನುಗಳ ಬಗ್ಗೆ ಎಚ್ಚರಿಸುವ ತಮ್ಮ ಕಿರುಹೊತ್ತಿಗೆಯನ್ನು ಅವರೇ ಬರೆದು, ಮನೆಯಲ್ಲೇ ಅಚ್ಚು ಹಾಕಿ, ಕೆಲವೇ ಪೆನ್ಸ್ ಬೆಲೆಗೆ ಮಾರುತ್ತಿದ್ದರು. ಅಚ್ಚಿನ ದಿನ ಯಂತ್ರದ ಸದ್ದಿಗೆ ನೆರೆಹೊರೆಯವರ ತಕರಾರು ಏಳುತ್ತಿತ್ತು. ಹೀಗೆ ಮಾರಿದ ಪ್ರತಿಗಳು ಸುಮಾರು 87,000. ಚಂದಾದಾರರ ನವೀಕರಣಕ್ಕೆ ಜ್ಞಾಪನಾ ಪತ್ರ ಬರೆದು ಸುಸ್ತಾಗಿರುವ ಪತ್ರಿಕೆಯೊಂದಕ್ಕೆ ಈ ಅಂಕಿ ನೋಡಿ ಹೊಟ್ಟೆಕಿಚ್ಚಾದರೆ ಆಶ್ಚರ್ಯವಿಲ್ಲ.

ಬೀದಿ ಅವರನ್ನು ಮುದ್ದಿಸಿತೆಂದು ಮಾತ್ರ ಭಾವಿಸಬೇಡಿ. ದಾರಿಹೋಕರು ಉಗುಳುತ್ತಿದ್ದರೆಂದೇ ಅವರು ಹಸಿರು ಮೇಲಂಗಿ ತೊಡುತ್ತಿದ್ದರು. ಸಾರ್ವಜನಿಕರಿಗೆ ಉಪದ್ರವವೆಂದು ಪೊಲೀಸರು ಎರಡು ಸಲ ಬಂಧಿಸಿದ್ದೂ ಉಂಟು. ಸಿನಿಮಾ ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳಿಗೆ ಹೋಗಿ ಶೀಲದ ಉಪದೇಶ ಮಾಡಿದರೆ ಸಿಟ್ಟು ಬರುವುದು ಸಹಜವೇ, ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅವರು ದೇವರ ಹೆಸರು ಹೇಳಲಿಲ್ಲ, ಕಾಣಿಕೆ ಕೇಳಲಿಲ್ಲ, ಶಿಷ್ಯರನ್ನು ಕಟ್ಟಿಕೊಳ್ಳಲಿಲ್ಲ, ಮಠ ಕಟ್ಟಲಿಲ್ಲ. ತಾವು ಬೋಧಿಸಿದಂತೆಯೇ ಗಂಜಿ, ಮನೆಯಲ್ಲಿ ಸುಟ್ಟ ಬ್ರೆಡ್ಡು, ಬೇಯಿಸಿದ ತರಕಾರಿ, ಸೇಬುಗಳಲ್ಲಿ ಬದುಕಿದರು. ಅವರು ತೀರಿಕೊಂಡ ಮೇಲೆ ಅವರ ಫಲಕವೂ ಕಿರುಹೊತ್ತಿಗೆಗಳೂ ಲಂಡನ್ನಿನ ನಗರ ವಸ್ತುಸಂಗ್ರಹಾಲಯವನ್ನು ಸೇರಿದವು. 'ವಿಲಕ್ಷಣ' ಎಂದು ನಾವು ಬರೆದದ್ದು ಇಂಥ ಬದುಕನ್ನು ನೋಡಿಯೇ ಹೊರತು ಗೇಲಿಗಲ್ಲ. ಆ ಮಾತನ್ನು ಹಿಂತೆಗೆದುಕೊಳ್ಳಲು ನಮಗೆ ಕಾರಣ ಕಾಣುತ್ತಿಲ್ಲ.

ತಮ್ಮ ಬಡಾವಣೆಯಲ್ಲೂ ಎಲ್ಲರಿಗೂ ಪರಿಚಿತರಾದ ಅಂಥ ಹಿರಿಯರೊಬ್ಬರಿದ್ದಾರೆ, ಅವರ ಬಗ್ಗೆ ಬರೆದರೆ ಪ್ರಕಟಿಸುವಿರಾ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಅಗತ್ಯವಾಗಿ ಬರೆಯಿರಿ. ಆದರೆ ಮೊದಲು ಅವರನ್ನೇ ಕೇಳಿ, ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಬೇಡವೆಂದರೆ ಅಲ್ಲಿಗೇ ಕೈಬಿಡಿ. ಎರಡು ಪುಟ ಮೀರದಿದ್ದರೆ ಮುಂದಿನ ಸಂಚಿಕೆಗಳಲ್ಲಿ ಜಾಗ ಮಾಡಿಕೊಡುತ್ತೇವೆ.

ಇತಿ,
ಸಂಪಾದಕ